ಮೆದುಳಿನ ರಕ್ತನಾಳ ತೋರಿಸಿಕೊಟ್ಟವರಿಗೆ ನೊಬೆಲ್ ಬಂದಿದ್ದು ಬೇರೆ ಕೆಲಸಕ್ಕೆ

ಹೋದ ವರ್ಷ ಬಸವೇಶ್ವರನಗರದಲ್ಲಿರೋ ನಮ್ಮ ಚಿಕ್ಕಪ್ಪನಿಗೆ ಬೆಳಬೆಳಗ್ಗೆ ಲಕ್ವ ಹೊಡೀತು. ಕಾಫಿ ಲೋಟ ಹಿಡಿದಿದ್ದ ಬಲಗೈ ಹಾಗೇ ಜಾರಿತು, ಬಾಯಿ ಸೊಟ್ಟಗಾಯಿತು, ಮಾತು ಕಲಸಿಕೊಂಡಿತು. ಊರಿಂದ ಫೋನ್ ಮಾಡಿದ ನೆಂಟರೊಬ್ಬರು ನಾಟಿ ಔಷಧಿ ಕೊಡೋರ ವಿಳಾಸ ಹೇಳ್ತಾ ಇದ್ದರು. ಚಿಕ್ಕಪ್ಪನ ಮಗಳು ಅದನ್ನು ಕಿವಿಗೇ ಹಾಕಿಕೊಳ್ಳದೆ ಆಟೋದಲ್ಲಿ ಕೂರಿಸಿಕೊಂಡು ಹೊರಟಿದ್ದಳು. ಟ್ರಾಫಿಕ್ ಶುರುವಾಗೋ ಮೊದಲೇ ಆಸ್ಪತ್ರೆ ಸೇರಿದ್ದು ಅದೃಷ್ಟ.

ಆ ದಿನ ನೋಡಿದ ಎರಡು ವಸ್ತು ನನ್ನ ತಲೆಯಿಂದ ಹೋಗಿಲ್ಲ. ಒಂದು, ಡಾಕ್ಟರು ಪರದೆ ಮೇಲೆ ತೋರಿಸಿದ ಚಿತ್ರ. ಎಲೆ ಉದುರಿದ ಮರದ ಹಾಗೆ ಕಪ್ಪು ಕೊಂಬೆಗಳು. ಎಡಗಡೆ ಒಂದು ದೊಡ್ಡ ಕೊಂಬೆ ನಡುವೆಯೇ ಕತ್ತರಿಸಿದಂತೆ ನಿಂತುಹೋಗಿತ್ತು. ಅಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದೆ, ತೊಡೆಸಂದಿಯಿಂದ ತೆಳು ಕೊಳವೆ ಹಾಕಿ ಅದನ್ನು ಎಳೆದು ತೆಗೀತೀವಿ ಅಂತ ವಿವರಿಸಿದರು. ತೆಗೆದ ಮೇಲಿನ ಚಿತ್ರದಲ್ಲಿ ಕೊಂಬೆ ವಾಪಸ್ ಬಂದಿತ್ತು. ಎರಡನೆಯದು ಒಪ್ಪಿಗೆ ಪತ್ರ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡ ಮೀಡಿಯಂನಲ್ಲಿ ಏಳನೇ ಕ್ಲಾಸು ಓದಿದ ಚಿಕ್ಕಮ್ಮ, ಸಿಸ್ಟರ್ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು.

ಚಿಕ್ಕಪ್ಪ ಈಗ ಪವಿತ್ರ ಪ್ಯಾರಡೈಸ್ ತನಕ ವಾಕಿಂಗ್ ಹೋಗಿ ಬರ್ತಾರೆ. ನಾನು ಮಾತ್ರ ಆ ಚಿತ್ರದ ಹಿಂದೆ ಬಿದ್ದೆ. ಜೀವಂತ ಮನುಷ್ಯನ ತಲೆಬುರುಡೆಯೊಳಗಿನ ರಕ್ತನಾಳಗಳನ್ನು ಹೀಗೆ ಮೊದಲು ನೋಡಿದ್ದು ಯಾರು ಅಂತ ಹುಡುಕಿದಾಗ ಸಿಕ್ಕ ಹೆಸರು ಎಗಾಸ್ ಮೊನಿಝ್. ಪೋರ್ಚುಗಲ್‌ನ ನರರೋಗ ತಜ್ಞರು, ರಾಜಕಾರಣಿ, ನೊಬೆಲ್ ವಿಜೇತರು. ನಿಮ್ಮಲ್ಲಿ ಕೆಲವರು ಈ ಹೆಸರು ಕೇಳಿರ್ತೀರಿ, ಆದರೆ ಲೋಬೋಟಮಿ ಅನ್ನೋ ಭೀಕರ ಪದದ ಜೊತೆಗೆ. ಇಬ್ಬರೂ ಒಬ್ಬರೇ. ಒಂದೇ ಊರಿನಲ್ಲಿ, ಒಬ್ಬರೇ ಸಹಾಯಕನ ಕೈಯಲ್ಲಿ, ಎಂಟೇ ವರ್ಷದ ಅಂತರದಲ್ಲಿ ನಡೆದ ಎರಡು ಕೆಲಸ ಅವು. ಮತ್ತು ಎರಡರ ನೆರಳೂ ನಮ್ಮ ಬೆಂಗಳೂರಿನ ಮೇಲೆ ಬಿದ್ದಿದೆ.

ಮೊನಿಝ್ ಹುಟ್ಟಿದ್ದು 1874ರ ನವೆಂಬರ್ 29ರಂದು, ಉತ್ತರ ಪೋರ್ಚುಗಲ್‌ನ ಅವಾಂಕಾ ಅನ್ನೋ ಹಳ್ಳಿಯಲ್ಲಿ. ಹಳೇ ಜಮೀನ್ದಾರಿ ಮನೆತನ. ಹುಟ್ಟಿದಾಗಿನ ಹೆಸರು ಅಂತೋನಿಯು ಕಾಯೆತಾನೊ ದಿ ಅಬ್ರೆಉ ಫ್ರೆಯ್ರಿ. ಮಧ್ಯಯುಗದ ಎಗಾಸ್ ಮೊನಿಝ್ ಎಂಬ ವೀರನ ವಂಶ ನಮ್ಮದು ಅಂತ ನಂಬಿದ್ದ ಪಾದ್ರಿ ಚಿಕ್ಕಪ್ಪನೊಬ್ಬರು ಆ ಹೆಸರನ್ನು ಹುಡುಗನಿಗೆ ಅಂಟಿಸಿದರು. ಅದೇ ಉಳಿಯಿತು. ಚರಿತ್ರೆಯಲ್ಲಿ ತನಗೊಂದು ಜಾಗ ಇರಬೇಕು ಅನ್ನೋ ಹಠ ಇವರಿಗೆ ಈ ಹೆಸರಿನ ಜೊತೆಗೇ ಬಂತೇನೋ ಅಂತ ನನಗೆ ಅನ್ಸುತ್ತೆ.

ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1899ರಲ್ಲಿ ಪದವಿ ಪಡೆದರು. ಆಮೇಲೆ ಬೋರ್ದೊ, ಪ್ಯಾರಿಸ್‌ಗಳಿಗೆ ಹೋಗಿ ಆ ಕಾಲದ ದೊಡ್ಡ ನರರೋಗ ತಜ್ಞರ ಹತ್ತಿರ ಕಲಿತರು. ಮಾನವನ ಲೈಂಗಿಕ ಜೀವನದ ಬಗ್ಗೆ ಆ ಕಾಲಕ್ಕೆ ಧೈರ್ಯದ್ದೇ ಎನ್ನಬಹುದಾದ ಪುಸ್ತಕ ಬರೆದರು. ಅದು ಮತ್ತೆ ಮತ್ತೆ ಮುದ್ರಣವಾಯಿತು. ಇಪ್ಪತ್ತರ ಹರೆಯದಲ್ಲೇ ಗೌಟ್ ಕಾಯಿಲೆ ಬಂದು ಬೆರಳುಗಳು ಸೊಟ್ಟಗಾದವು. ಇದು ಮುಂದಿನ ಕಥೆಗೆ ಮುಖ್ಯ, ನೆನಪಿಟ್ಟುಕೊಳ್ಳಿ: ಈ ಮನುಷ್ಯ ತನ್ನ ಕೈಯಾರೆ ಯಾವತ್ತೂ ಆಪರೇಷನ್ ಮಾಡಲು ಆಗುವಂತಿರಲಿಲ್ಲ.

ಆದರೆ ಅವರ ಜೀವನದ ಮೊದಲ ಅರ್ಧ ಪೂರ್ತಿ ರಾಜಕೀಯ. ಪಾರ್ಲಿಮೆಂಟ್ ಸದಸ್ಯರಾದಾಗ ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಶುರುವಿನಲ್ಲಿ ರಾಜಪ್ರಭುತ್ವದ ಪರ ಇದ್ದವರು, ನಿಧಾನಕ್ಕೆ ಗಣರಾಜ್ಯದ ಕಡೆ ವಾಲಿದರು. 1908ರ ಜನವರಿಯಲ್ಲಿ ನಡೆದ ವಿಫಲ ಬಂಡಾಯದಲ್ಲಿ ಕೈವಾಡ ಇದೆ ಅಂತ ಜೈಲಿಗೂ ಹೋದರು. ಎರಡು ವರ್ಷದಲ್ಲಿ ರಾಜಪ್ರಭುತ್ವವೇ ಬಿತ್ತು. 1911ರಲ್ಲಿ ಹೊಸದಾಗಿ ಶುರುವಾದ ಲಿಸ್ಬನ್ ವಿಶ್ವವಿದ್ಯಾಲಯದಲ್ಲಿ ನರಶಾಸ್ತ್ರದ ಪ್ರೊಫೆಸರ್ ಆದರು. ಹಾಗಂತ ರಾಜಕೀಯ ಬಿಡಲಿಲ್ಲ. 1917ರಲ್ಲಿ ಸ್ಪೇನ್‌ಗೆ ರಾಯಭಾರಿ, 1918ರಲ್ಲಿ ಸಿದೋನಿಯು ಪಾಯಿಸ್ ಸರ್ಕಾರದಲ್ಲಿ ವಿದೇಶಾಂಗ ಸಚಿವ. ಮೊದಲ ಮಹಾಯುದ್ಧ ಮುಗಿದು ಪ್ಯಾರಿಸ್‌ನಲ್ಲಿ ಶಾಂತಿ ಸಮ್ಮೇಳನ ನಡೆದಾಗ ಪೋರ್ಚುಗಲ್ ನಿಯೋಗದ ಮೊದಲ ಮುಖ್ಯಸ್ಥರು ಇವರೇ. ಅಷ್ಟರಲ್ಲಿ ಊರಲ್ಲಿ ಪಾಯಿಸ್ ಕೊಲೆಯಾಗಿ, ಅಧಿಕಾರ ಕೈಬದಲಾಗಿ, ನಿಯೋಗದಿಂದ ಇವರನ್ನು ಕೆಳಗಿಳಿಸಿದರು.

ನಮ್ಮಲ್ಲಾದರೆ ಇಂಥವರು ಯಾವುದಾದರೂ ನಿಗಮ ಮಂಡಳಿ ಹಿಡಿದು ಕೂರ್ತಿದ್ದರು. ಮೊನಿಝ್ ಪ್ರಯೋಗಶಾಲೆಗೆ ಹೋದರು. ವಯಸ್ಸು ಐವತ್ತರ ಹತ್ತಿರ. ವಿಜ್ಞಾನದಲ್ಲಿ ಅಲ್ಲಿಯವರೆಗೆ ಹೇಳಿಕೊಳ್ಳುವಂಥದ್ದು ಏನೂ ಮಾಡಿರಲಿಲ್ಲ.

ಆಗಿನ ನರರೋಗ ತಜ್ಞರ ಕಷ್ಟ ಏನು ಅಂತ ಸ್ವಲ್ಪ ನೋಡಿ. ಎಕ್ಸ್-ರೇ ಬಂದು ಮೂವತ್ತು ವರ್ಷ ಆಗಿತ್ತು. ಮೂಳೆ ಚೆನ್ನಾಗಿ ಕಾಣ್ತಿತ್ತು. ಆದರೆ ಮೆದುಳು ಇರೋದೇ ಮೂಳೆಯ ಡಬ್ಬಿಯೊಳಗೆ, ಮತ್ತು ಮೆದುಳು, ರಕ್ತ, ಗೆಡ್ಡೆ ಎಲ್ಲವೂ ಎಕ್ಸ್-ರೇ ಕಣ್ಣಿಗೆ ಹೆಚ್ಚೂಕಡಿಮೆ ಒಂದೇ. ಅಮೆರಿಕದ ವಾಲ್ಟರ್ ಡ್ಯಾಂಡಿ 1918ರಲ್ಲಿ ಮೆದುಳಿನೊಳಗಿನ ನೀರಿನ ಕೋಣೆಗಳಿಗೆ ಗಾಳಿ ತುಂಬಿಸಿ ಚಿತ್ರ ತೆಗೆಯೋ ದಾರಿ ಕಂಡುಹಿಡಿದಿದ್ದರು. ಅದಕ್ಕೆ ತಲೆಬುರುಡೆ ಕೊರೆಯಬೇಕಿತ್ತು, ರೋಗಿಗಳು ನರಳಿಹೋಗುತ್ತಿದ್ದರು. ಮೊನಿಝ್ ಯೋಚಿಸಿದ್ದು ಬೇರೆ. ಮೆದುಳಿಗೆ ರಕ್ತ ಹೋಗೋದು ಕುತ್ತಿಗೆಯ ಕೆರೋಟಿಡ್ ನಾಳದಿಂದ. ಎಕ್ಸ್-ರೇಗೆ ಅಡ್ಡ ನಿಲ್ಲುವ ದ್ರಾವಣವೊಂದನ್ನು ಆ ನಾಳಕ್ಕೆ ಚುಚ್ಚಿ, ಅದು ಹರಿದು ಹೋಗುವ ಕ್ಷಣದಲ್ಲೇ ಚಿತ್ರ ತೆಗೆದರೆ ನಾಳಗಳ ನಕ್ಷೆ ಸಿಗುತ್ತೆ. ಗೆಡ್ಡೆ ಇದ್ದರೆ ನಾಳಗಳು ಪಕ್ಕಕ್ಕೆ ತಳ್ಳಿಸಿಕೊಂಡಿರುತ್ತವೆ, ಅದರಿಂದಲೇ ಗೆಡ್ಡೆ ಎಲ್ಲಿದೆ ಅಂತ ಗೊತ್ತಾಗುತ್ತೆ.

ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಐಡಿಯಾ ಸುಲಭ, ಕಷ್ಟವೆಲ್ಲ ದ್ರಾವಣದಲ್ಲಿದೆ. ಅದು ಎಕ್ಸ್-ರೇಯನ್ನು ತಡೆಯುವಷ್ಟು ಭಾರದ ಧಾತು ಆಗಿರಬೇಕು, ಆದರೆ ನಾಳ ಸುಡಬಾರದು, ಮೆದುಳಿಗೆ ವಿಷವಾಗಬಾರದು, ಸಣ್ಣ ನಾಳ ಕಟ್ಟಬಾರದು. ಮೊನಿಝ್ ಮತ್ತು ಅವರ ಕಿರಿಯ ಸಹಾಯಕ ಪೆದ್ರು ಅಲ್ಮೆಯ್ದಾ ಲಿಮಾ ಬ್ರೋಮೈಡ್‌ಗಳಿಂದ ಶುರು ಮಾಡಿದರು. ಮೊದಲು ನಾಯಿಗಳ ಮೇಲೆ, ಆಮೇಲೆ ಶವಾಗಾರದಿಂದ ತಂದ ತಲೆಗಳ ಮೇಲೆ. ಸಹಜ ಸ್ಥಿತಿಯ ರಕ್ತನಾಳಗಳು ಎಕ್ಸ್-ರೇನಲ್ಲಿ ಹೇಗೆ ಕಾಣುತ್ತವೆ ಅನ್ನೋದೇ ಯಾರಿಗೂ ಗೊತ್ತಿರದಿದ್ದರಿಂದ ಈ ಶವಗಳ ಚಿತ್ರಗಳೇ ಮೊದಲ ನಕ್ಷೆಯಾದವು. ನಂತರ ಜೀವಂತ ರೋಗಿಗಳು. ಚರ್ಮದ ಮೇಲಿಂದಲೇ ಚುಚ್ಚಿದರೆ ಸರಿಹೋಗಲಿಲ್ಲ. ಕುತ್ತಿಗೆ ಸೀಳಿ ನಾಳ ತೆರೆದು, ಲಿಮಾ ಚುಚ್ಚುತ್ತಿದ್ದರು. ಮೊನಿಝ್ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. ಪಾರ್ಕಿನ್ಸನ್ ಥರದ ಕಾಯಿಲೆ ಇದ್ದ ಒಬ್ಬ ರೋಗಿ ಇದರಿಂದಲೇ ಸತ್ತರು.

ಇಲ್ಲಿ ನಿಲ್ಲಬೇಕಾದ ಜಾಗ ಇದು. ಇಂದು ನಮ್ಮ ಚಿಕ್ಕಪ್ಪನನ್ನು ಉಳಿಸಿದ ವಿದ್ಯೆಯ ಬುಡದಲ್ಲೂ ಒಂದು ಹೆಣ ಇದೆ. ಆ ಮನುಷ್ಯನನ್ನು ಹೇಗೆ ಒಪ್ಪಿಸಿದರು, ಒಪ್ಪಿಸಿದರೋ ಇಲ್ಲವೋ ಅನ್ನೋದನ್ನು ಆ ಕಾಲದ ವೈದ್ಯಕೀಯ ವರದಿಗಳು ಬರೆಯುತ್ತಲೇ ಇರಲಿಲ್ಲ. ಮೊನಿಝ್ ಒಂದು ಕೆಲಸ ಮಾಡಿದರು: ಸಾವನ್ನು ಮುಚ್ಚಿಡದೆ ದಾಖಲಿಸಿದರು, ಬ್ರೋಮೈಡ್ ಕೈಬಿಟ್ಟರು, ಸೋಡಿಯಂ ಅಯೋಡೈಡ್‌ಗೆ ಬದಲಾದರು. 1927ರ ಜೂನ್ 28ರಂದು ಪಿಟ್ಯುಟರಿ ಗ್ರಂಥಿಯ ಗೆಡ್ಡೆ ಇದ್ದ ಇಪ್ಪತ್ತು ವರ್ಷದ ಹುಡುಗನ ಚಿತ್ರದಲ್ಲಿ ಮೆದುಳಿನ ನಾಳಗಳು ಕಂಡವು. ಗೆಡ್ಡೆಯಿಂದಾಗಿ ಅವು ತಮ್ಮ ಜಾಗದಿಂದ ಸರಿದಿದ್ದವು. ಹತ್ತೇ ದಿನದಲ್ಲಿ ಮೊನಿಝ್ ಪ್ಯಾರಿಸ್‌ಗೆ ಹೋಗಿ ನರಶಾಸ್ತ್ರ ಸಂಘದ ಮುಂದೆ ಆ ಫಿಲಂ ಹಿಡಿದು ತೋರಿಸಿದರು. ಅವರಿಗೆ ಆಗ 52 ವರ್ಷ.

ಆಮೇಲಿನ ಹತ್ತು ವರ್ಷ ಲಿಸ್ಬನ್ ಈ ವಿದ್ಯೆಯ ರಾಜಧಾನಿ ಆಯಿತು. 1929ರಲ್ಲಿ ಅದೇ ಊರಿನ ರೆಯ್ನಾಲ್ದು ದುಸ್ ಸಾಂತುಸ್ ಹೊಟ್ಟೆಯ ಮಹಾಪಧಮನಿಯ ಚಿತ್ರ ತೆಗೆದರು. 1933ರಲ್ಲಿ ಮೊನಿಝ್ ಕೆರೋಟಿಡ್ ನಾಳದ ಒಂದು ಅನ್ಯೂರಿಸಂ ಅನ್ನು ಜೀವಂತ ರೋಗಿಯಲ್ಲಿ ಆಂಜಿಯೋಗ್ರಾಮ್ ಮೂಲಕ ತೋರಿಸಿದರು. ಅನ್ಯೂರಿಸಂ ಅಂದರೆ ಸೈಕಲ್ ಟ್ಯೂಬ್ ಸವೆದ ಜಾಗದಲ್ಲಿ ಉಬ್ಬಿಕೊಳ್ಳುತ್ತಲ್ಲ, ಹಾಗೆ ನಾಳದ ಗೋಡೆ ಉಬ್ಬೋದು. ನೂರು ಜನ ವಯಸ್ಕರಲ್ಲಿ ಸುಮಾರು ಮೂವರಿಗೆ ಇದು ಇರುತ್ತೆ, ಬಹುಪಾಲು ಜನಕ್ಕೆ ಗೊತ್ತೇ ಆಗದೆ ಬದುಕು ಮುಗಿಯುತ್ತೆ. ಒಡೆದರೆ ಮಾತ್ರ ಸಿಡಿಲು ಹೊಡೆದಂಥ ತಲೆನೋವು, ಹಲವರಿಗೆ ಸಾವು. 1937ರಲ್ಲಿ ಮೊನಿಝ್, ಲಿಮಾ ಮತ್ತೊಬ್ಬ ಸಹೋದ್ಯೋಗಿ ಸೇರಿ, ಕುತ್ತಿಗೆಯ ನಾಳ ಕಟ್ಟಿಕೊಂಡು ಅರ್ಧ ದೇಹ ಬಿದ್ದುಹೋದ ರೋಗಿಗಳ ಬಗ್ಗೆ ಬರೆದರು. ಲಕ್ವದ ಕಾರಣವನ್ನು ಶವಪರೀಕ್ಷೆಗೆ ಕಾಯದೆ ಬದುಕಿರುವಾಗಲೇ ತೋರಿಸಬಹುದು ಅಂತ ಆಯಿತು. ಬಸವೇಶ್ವರನಗರದ ಆ ಪರದೆಯ ಚಿತ್ರದ ಮುತ್ತಜ್ಜ ಇಲ್ಲಿದ್ದಾನೆ.

ಅಷ್ಟರಲ್ಲಿ ಒಂದು ಎಡವಟ್ಟೂ ಆಗಿತ್ತು. ಅಯೋಡೈಡ್ ಚುಚ್ಚಿದಾಗ ರೋಗಿಗಳಿಗೆ ಉರಿ, ಫಿಟ್ಸ್. ಹಾಗಾಗಿ 1931ರಿಂದ ಥೊರೊಟ್ರಾಸ್ಟ್ ಅನ್ನೋ ಹೊಸ ದ್ರಾವಣ ಬಳಸಿದರು. ಚಿತ್ರ ಅದ್ಭುತವಾಗಿ ಬರ್ತಿತ್ತು, ನೋವಿಲ್ಲ. ಆದರೆ ಅದು ಥೋರಿಯಂ ಡೈಆಕ್ಸೈಡ್, ಅಂದರೆ ವಿಕಿರಣ ಸೂಸುವ ವಸ್ತು. ದೇಹದಿಂದ ಹೊರಗೆ ಹೋಗಲ್ಲ, ಯಕೃತ್ತಿನಲ್ಲಿ ಕೂರುತ್ತೆ. ಹತ್ತಾರು ವರ್ಷ ಕಳೆದು ಕ್ಯಾನ್ಸರ್‌ಗಳು ಶುರುವಾದಾಗ ಜಗತ್ತಿನಾದ್ಯಂತ ಸಾವಿರಾರು ಜನರ ಮೈಯಲ್ಲಿ ಅದು ಸೇರಿಬಿಟ್ಟಿತ್ತು.

ಆಂಜಿಯೋಗ್ರಫಿಗೆ ನೊಬೆಲ್ ಬರುತ್ತೆ ಅಂತ ಮೊನಿಝ್‌ಗೆ ಆಸೆ ಇತ್ತು. 1928ರಿಂದಲೇ ಅವರ ಹೆಸರು ಸೂಚನೆಯಾಗಿತ್ತು, ಬರಲಿಲ್ಲ. ಆಮೇಲೆ ನಡೆದದ್ದನ್ನು ಈ ಆಸೆಯಿಂದ ಬಿಡಿಸಿ ನೋಡೋಕೆ ನನಗೆ ಸಾಧ್ಯವಾಗಿಲ್ಲ.

1935ರ ಆಗಸ್ಟಿನಲ್ಲಿ ಲಂಡನ್‌ನಲ್ಲಿ ಅಂತಾರಾಷ್ಟ್ರೀಯ ನರಶಾಸ್ತ್ರ ಸಮ್ಮೇಳನ ನಡೆಯಿತು. ಅಲ್ಲಿ ಅಮೆರಿಕದ ಫುಲ್ಟನ್ ಮತ್ತು ಜೇಕಬ್‌ಸನ್ ಎರಡು ಚಿಂಪಾಂಜಿಗಳ ಮೆದುಳಿನ ಮುಂಭಾಗ ತೆಗೆದ ಪ್ರಯೋಗದ ಬಗ್ಗೆ ಹೇಳಿದರು. ಅದರಲ್ಲಿ ಒಂದು, ಮೊದಲು ಸಿಟ್ಟಿನಿಂದ ರಂಪ ಮಾಡುತ್ತಿದ್ದದ್ದು, ಆಮೇಲೆ ತಣ್ಣಗಾಯಿತಂತೆ. ಮೂರೇ ತಿಂಗಳಲ್ಲಿ, ನವೆಂಬರ್ 12ರಂದು, ಲಿಸ್ಬನ್‌ನ ಸಾಂತಾ ಮಾರ್ತಾ ಆಸ್ಪತ್ರೆಯಲ್ಲಿ ಮೊನಿಝ್ ಹೇಳಿದಂತೆ ಲಿಮಾ 63 ವರ್ಷದ ಹೆಂಗಸೊಬ್ಬರ ತಲೆಬುರುಡೆಯಲ್ಲಿ ತೂತು ಕೊರೆದು ಮೆದುಳಿನ ಮುಂಭಾಗದ ಬಿಳಿ ಭಾಗಕ್ಕೆ ಆಲ್ಕೋಹಾಲ್ ಚುಚ್ಚಿದರು. ಆಕೆಯನ್ನು ಕರೆತಂದದ್ದು ಮಾನಸಿಕ ರೋಗಿಗಳ ಬೊಂಬಾರ್ದಾ ಆಶ್ರಮದಿಂದ. ಕೆಲವು ರೋಗಿಗಳಾದ ಮೇಲೆ ಆಲ್ಕೋಹಾಲ್ ಬದಲು ತಂತಿಯ ಕುಣಿಕೆ ಇರುವ ಉಪಕರಣ ಬಂತು. ಒಳಗೆ ತೂರಿಸಿ ತಿರುಗಿಸಿದರೆ ನರತಂತುಗಳು ತುಂಡಾಗುತ್ತಿದ್ದವು. ಇದಕ್ಕೆ ಲ್ಯೂಕೋಟಮಿ ಅಂತ ಹೆಸರಿಟ್ಟರು.

1936ರ ಹೊತ್ತಿಗೆ ಪುಸ್ತಕವೇ ಬಂತು. ಇಪ್ಪತ್ತು ರೋಗಿಗಳು. ಏಳು ಮಂದಿ ಗುಣ, ಏಳು ಮಂದಿಗೆ ಸುಧಾರಣೆ, ಆರು ಮಂದಿ ಇದ್ದ ಹಾಗೇ. ಓದೋಕೆ ಚೆನ್ನಾಗಿದೆ. ಆದರೆ ಹಲವರನ್ನು ಆಪರೇಷನ್ ಆದ ಮೇಲೆ ಗಮನಿಸಿದ್ದು ಕೆಲವು ವಾರ ಅಷ್ಟೇ. ಗುಣವಾಯಿತು ಅಂತ ತೀರ್ಮಾನಿಸಿದವರು ಆಪರೇಷನ್ ಮಾಡಿಸಿದವರೇ. ಆಪರೇಷನ್ ಮಾಡದ ಇನ್ನೊಂದು ಗುಂಪು ಇಟ್ಟು ಹೋಲಿಸಿದ್ದೂ ಇಲ್ಲ. ಮೊದಲ ರೋಗಿ ಮರಳಿದ್ದು ಅದೇ ಆಶ್ರಮಕ್ಕೆ. ಈ ರೋಗಿಗಳನ್ನು ಕಳಿಸಿಕೊಟ್ಟಿದ್ದ ಮನೋವೈದ್ಯ ಸೋಬ್ರಾಲ್ ಸಿದ್, ಆಪರೇಷನ್ ಆದವರಲ್ಲಿ ಕಂಡದ್ದು ಗುಣವಲ್ಲ, ಕುಂದು ಅಂತ ವಿರೋಧಿಸಿ ಮುಂದೆ ರೋಗಿಗಳನ್ನು ಕೊಡಲು ಒಪ್ಪಲಿಲ್ಲ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಮನುಷ್ಯ ಇವರೇ. ಇವರ ಹೆಸರಲ್ಲಿ ನೋಟು ಅಚ್ಚಾಗಲಿಲ್ಲ.

ಆಂಜಿಯೋಗ್ರಫಿಗೂ ಲ್ಯೂಕೋಟಮಿಗೂ ಇರೋ ವ್ಯತ್ಯಾಸವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೀನಿ. ಮೊದಲನೆಯದರಲ್ಲಿ ಮೊನಿಝ್ ಫಿಲಂ ಒಂದನ್ನು ಬೆಳಕಿಗೆ ಹಿಡಿದರು. ಅವರನ್ನು ಕಂಡರಾಗದ ಡಾಕ್ಟರೂ ಬಂದು ಅದನ್ನೇ ನೋಡಬಹುದಿತ್ತು, ತಪ್ಪಿದ್ದರೆ ಬೆರಳಿಟ್ಟು ತೋರಿಸಬಹುದಿತ್ತು. ಎರಡನೆಯದರಲ್ಲಿ ಹೊರಗಿನವರಿಗೆ ಇದ್ದದ್ದು ಅವರ ಮಾತು ಮಾತ್ರ. ಆ ಮಾತಿಗೆ ಮಾಜಿ ಸಚಿವರು, ಪ್ರೊಫೆಸರು, ಆಂಜಿಯೋಗ್ರಫಿ ಕಂಡುಹಿಡಿದವರು ಅನ್ನೋ ತೂಕ ಇತ್ತು. ಎದುರಿಗೆ ಮಾತಾಡಬೇಕಾದ ರೋಗಿಗಳಿಗೆ ಮಾತಿನ ಹಕ್ಕೇ ಇರಲಿಲ್ಲ.

ಲಂಡನ್ ಸಮ್ಮೇಳನದಲ್ಲಿ ಮೊನಿಝ್‌ರನ್ನು ಭೇಟಿ ಮಾಡಿದ್ದ ಅಮೆರಿಕದ ವಾಲ್ಟರ್ ಫ್ರೀಮನ್ 1936ರಲ್ಲೇ ಇದನ್ನು ಶುರು ಮಾಡಿದರು, ಲೋಬೋಟಮಿ ಅಂತ ಹೊಸ ಹೆಸರು ಕೊಟ್ಟರು, 1946ರಿಂದ ಕಣ್ಣಿನ ಮೇಲ್ಭಾಗದಿಂದಲೇ ಸಲಾಕೆ ತೂರಿಸುವ ಪದ್ಧತಿ ತಂದರು. ಹತ್ತಾರು ಸಾವಿರ ಜನರ ಮೇಲೆ ನಡೆಯಿತು. ಹಲವು ದೇಶಗಳ ಲೆಕ್ಕದಲ್ಲಿ ಹೆಂಗಸರೇ ಹೆಚ್ಚು.

ಬೆಂಗಳೂರಿಗೂ ಬಂತು. ಹೊಸೂರು ರಸ್ತೆಯಲ್ಲಿ ಆಗ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಇತ್ತು. ನಮ್ಮ ಅಜ್ಜಿಯರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ. ಅದರ ಸೂಪರಿಂಟೆಂಡೆಂಟ್ ಡಾ. ಎಂ.ವಿ. ಗೋವಿಂದಸ್ವಾಮಿ ಮತ್ತು ಶಸ್ತ್ರಚಿಕಿತ್ಸಕ ಡಾ. ಬಿ.ಎನ್. ಬಾಲಕೃಷ್ಣ ರಾವ್, ಭಾರತೀಯ ರೋಗಿಗಳ ಮೇಲೆ ಮಾಡಿದ ಲ್ಯೂಕೋಟಮಿಗಳ ಬಗ್ಗೆ 1944ರಲ್ಲಿ ಲಂಡನ್‌ನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬರೆದರು. ಜಗತ್ತು ಯುದ್ಧದಲ್ಲಿ ಮುಳುಗಿದ್ದಾಗ, ಲಿಸ್ಬನ್‌ನಲ್ಲಿ ಶುರುವಾದದ್ದು ಒಂಬತ್ತು ವರ್ಷದೊಳಗೆ ಬೆಂಗಳೂರಿನಲ್ಲಿ ನಡೆದು ಲಂಡನ್‌ನಲ್ಲಿ ಅಚ್ಚಾಗಿತ್ತು.

ಗೋವಿಂದಸ್ವಾಮಿಯವರನ್ನು ಖಳನಾಯಕ ಮಾಡೋದು ಸುಲಭ, ಆದರೆ ಅನ್ಯಾಯ. ಆಗ ಮನೋರೋಗಕ್ಕೆ ಮಾತ್ರೆಗಳೇ ಇರಲಿಲ್ಲ. ಕ್ಲೋರ್‌ಪ್ರೋಮಜಿನ್ ಬಂದದ್ದು 1950ರ ದಶಕದ ಆರಂಭದಲ್ಲಿ. ವಾರ್ಡುಗಳು ತುಂಬಿರುತ್ತಿದ್ದವು, ಬಂದವರು ಮನೆಗೆ ಹೋಗೋದು ಅಪರೂಪ. ಪಾಶ್ಚಾತ್ಯ ಪತ್ರಿಕೆಗಳಲ್ಲಿ ಗುಣವಾಗುತ್ತೆ ಅಂತ ಬರೆದಾಗ ಕೈಕಟ್ಟಿ ಕೂರೋದೂ ಒಂದು ನಿರ್ಧಾರವೇ. ಮುಂದೆ ಅದೇ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಮೊದಲ ನಿರ್ದೇಶಕರಾದವರು ಅವರು. ದೇಶದ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ತರಬೇತಾಗಿದ್ದು ಅಲ್ಲಿ. 1958ರಲ್ಲಿ ಡಾ. ಆರ್.ಎಂ. ವರ್ಮ ಬಂದು ನರಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದರು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಇವತ್ತು ಅಲ್ಲಿ ರಕ್ತನಾಳದೊಳಗಿಂದಲೇ ಮೆದುಳಿಗೆ ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವಿದೆ. ಮೊನಿಝ್ ಬಿಟ್ಟುಹೋದ ಎರಡೂ ಆಸ್ತಿ ಒಂದೇ ಕಾಂಪೌಂಡಿಗೆ ಬಂದಿದ್ದವು. ಒಂದನ್ನು ಅಲ್ಲಿ ದಿನಾ ಬಳಸ್ತಾರೆ. 1944ರ ವರದಿಯ ಆ ರೋಗಿಗಳ ಹೆಸರನ್ನು ಮಾತ್ರ ಇವತ್ತು ನಿಮ್ಹಾನ್ಸ್ ಗೇಟಿನ ಮುಂದೆ ಹಾದುಹೋಗುವ ಯಾರೂ ಹೇಳಲಾರರು.

ಮೊನಿಝ್ ಕಥೆಗೆ ವಾಪಸ್ ಬರ್ತೀನಿ. 1939ರಲ್ಲಿ ಅವರ ಕ್ಲಿನಿಕ್‌ಗೇ ಬಂದ ಒಬ್ಬ ಮಾನಸಿಕ ರೋಗಿ ಅವರಿಗೆ ಗುಂಡು ಹೊಡೆದ. ಹಲವು ಗುಂಡು ತಗುಲಿದರೂ ಬದುಕಿಕೊಂಡರು. ಲೋಬೋಟಮಿ ಮಾಡಿಸಿಕೊಂಡವನು ಸೇಡು ತೀರಿಸಿಕೊಂಡ ಅಂತ ಇಂಟರ್‌ನೆಟ್‌ನಲ್ಲಿ ಓದಿರ್ತೀರಿ. ಅದು ಸುಳ್ಳು, ಅವನಿಗೆ ಆ ಆಪರೇಷನ್ ಆಗಿರಲಿಲ್ಲ. ಕಥೆಯ ರುಚಿಗೋಸ್ಕರ ಬೆಳೆದ ಸುಳ್ಳು. 1944ರಲ್ಲಿ ಮೊನಿಝ್ ನಿವೃತ್ತರಾದರು. 1949ರಲ್ಲಿ, ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಜೊತೆ ಹಂಚಿಕೊಂಡು, ನೊಬೆಲ್ ಬಂತು. ಅವರ ಪಾಲು ಬಂದದ್ದು ಲ್ಯೂಕೋಟಮಿಗೆ. ಬಹುಮಾನ ಬಂದ ಮರುವರ್ಷವೇ ಸೋವಿಯತ್ ಒಕ್ಕೂಟ ಆ ಆಪರೇಷನ್ನನ್ನು ನಿಷೇಧಿಸಿತು. 1955ರ ಡಿಸೆಂಬರ್ 13ರಂದು ಲಿಸ್ಬನ್‌ನಲ್ಲಿ 81ನೇ ವಯಸ್ಸಿನಲ್ಲಿ ಮೊನಿಝ್ ತೀರಿಕೊಂಡಾಗ ಮಾತ್ರೆಗಳು ಬಂದು ಲೋಬೋಟಮಿ ಹಿಂದೆ ಸರಿಯತೊಡಗಿತ್ತು. ಅವಾಂಕಾದ ಅವರ ಮನೆ ಈಗ ಮ್ಯೂಸಿಯಂ. 1989ರಲ್ಲಿ ಪೋರ್ಚುಗಲ್ ಹತ್ತು ಸಾವಿರ ಎಸ್ಕುದೋ ನೋಟಿನ ಮೇಲೆ ಅವರ ಮುಖ ಹಾಕಿತು. ಲೋಬೋಟಮಿ ಆದವರ ಮನೆಯವರು ಆ ನೊಬೆಲ್ ವಾಪಸ್ ತಗೊಳ್ಳಿ ಅಂತ ಕೇಳಿದ್ದಾರೆ. ವಾಪಸ್ ತಗೊಳ್ಳಲ್ಲ ಅನ್ನೋದು ಸಮಿತಿಯ ನಿಲುವು. ತಗೊಂಡರೂ ಏನು ಬದಲಾಗುತ್ತೆ ಅಂತ ನನಗೆ ಗೊತ್ತಿಲ್ಲ. ಅದು ಅಲ್ಲೇ ಇರಲಿ, ದೊಡ್ಡ ಸಮಿತಿಗಳೂ ಎಡವುತ್ತವೆ ಅನ್ನೋದಕ್ಕೆ ಸಾಕ್ಷಿಯಾಗಿ.

ಅವರ ಇನ್ನೊಂದು ಕೂಸು ಅವರಿಲ್ಲದೆಯೂ ಬೆಳೆಯಿತು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್, ಸೂಜಿ ಚುಚ್ಚಿ, ಅದರೊಳಗೆ ತಂತಿ ತೂರಿಸಿ, ತಂತಿಯ ಮೇಲೆ ಕೊಳವೆ ಜಾರಿಸುವ ಉಪಾಯ ಕಂಡುಕೊಂಡರು. ಕುತ್ತಿಗೆ ಸೀಳೋ ಕೆಲಸ ತಪ್ಪಿತು. ಮಾಸ್ಕೋದ ಫ್ಯೋದೊರ್ ಸೆರ್ಬಿನೆಂಕೊ, ಮೇ ದಿನದ ಮೆರವಣಿಗೆಯಲ್ಲಿ ಮಕ್ಕಳು ದಾರ ಹಿಡಿದು ಬಲೂನು ಆಡಿಸೋದನ್ನು ನೋಡಿ, ರಕ್ತನಾಳದೊಳಗೂ ಹೀಗೇ ಪುಟ್ಟ ಬಲೂನು ಕಳಿಸಬಹುದಲ್ಲ ಅಂತ ಯೋಚಿಸಿದರಂತೆ. 1974ರಲ್ಲಿ ಅವರ ಪ್ರಬಂಧ ಅಮೆರಿಕದ ಪತ್ರಿಕೆಯಲ್ಲಿ ಬಂದಾಗ ಜಗತ್ತು ಬೆರಗಾಯಿತು. ಕಂಪ್ಯೂಟರ್ ಬಂದ ಮೇಲೆ, ದ್ರಾವಣ ಹಾಕುವ ಮೊದಲಿನ ಚಿತ್ರವನ್ನು ಆಮೇಲಿನ ಚಿತ್ರದಿಂದ ಕಳೆಯೋದು ಸಾಧ್ಯವಾಯಿತು. ಮೂಳೆ ಮಾಯ, ನಾಳ ಮಾತ್ರ ಉಳಿಯುತ್ತೆ. ಕಾಲೇಜಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಪೇಪರ್ ಬರೆದವರಿಗೆ ಇದು ಬರೀ ಮೈನಸ್ ಚಿಹ್ನೆ. ಎಲೆ ಉದುರಿದ ಮರ ಕಾಣೋದು ಇದರಿಂದ. 1990ರಲ್ಲಿ ಇಟಲಿಯ ಗ್ವಿದೋ ಗುಲ್ಯೆಲ್ಮಿ ಲಾಸ್ ಏಂಜಲೀಸ್‌ನಲ್ಲಿ, ಕೂದಲಿನಷ್ಟು ತೆಳುವಾದ ಪ್ಲಾಟಿನಂ ಸುರುಳಿಯನ್ನು ಅನ್ಯೂರಿಸಂನ ಉಬ್ಬಿನೊಳಗೆ ತುಂಬಿ, ಸಣ್ಣ ವಿದ್ಯುತ್ ಹಾಯಿಸಿ ಬಿಡಿಸುವ ಚಿಕಿತ್ಸೆಯನ್ನು ಮೊದಲ ರೋಗಿಗೆ ಮಾಡಿದರು.

ಗಮನಿಸಬೇಕಾದ್ದು ಇದರ ಮುಂದಿನದು. ಸುರುಳಿ ಒಳ್ಳೆಯದೋ, ತಲೆ ತೆರೆದು ಕ್ಲಿಪ್ ಹಾಕೋದು ಒಳ್ಳೆಯದೋ ಅನ್ನೋದನ್ನು ಯಾವ ಪ್ರೊಫೆಸರ ಮಾತಿಗೂ ಬಿಡಲಿಲ್ಲ. ಅನ್ಯೂರಿಸಂ ಒಡೆದ 2,143 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿದರು. ಫಲಿತಾಂಶ 2002ರಲ್ಲಿ ಬಂತು: ಒಂದು ವರ್ಷದ ಹೊತ್ತಿಗೆ ಸತ್ತವರು ಅಥವಾ ಇನ್ನೊಬ್ಬರ ಆಸರೆಯಲ್ಲಿ ಬದುಕುವವರು, ಕ್ಲಿಪ್ ಗುಂಪಿನಲ್ಲಿ ನೂರಕ್ಕೆ ಸುಮಾರು 31, ಸುರುಳಿ ಗುಂಪಿನಲ್ಲಿ 24. ಲಕ್ವದ ವಿಷಯದಲ್ಲಂತೂ ಈ ವಿದ್ಯೆ ತನ್ನ ವಿರುದ್ಧವೇ ತೀರ್ಪು ಕೊಟ್ಟುಕೊಂಡಿತು. ಹೆಪ್ಪು ಎಳೆದು ತೆಗೆಯೋದರಿಂದ ಹೆಚ್ಚಿನ ಲಾಭ ಇಲ್ಲ ಅಂತ 2013ರಲ್ಲಿ ಮೂರು ಪ್ರಯೋಗಗಳು ಹೇಳಿದವು. ಈ ಚಿಕಿತ್ಸೆಯನ್ನೇ ನಂಬಿದ್ದ ಡಾಕ್ಟರುಗಳೇ ಅದನ್ನು ಪ್ರಕಟಿಸಿದರು. ಉಪಕರಣ ಸುಧಾರಿಸಿ, ದೊಡ್ಡ ನಾಳ ಕಟ್ಟಿದ ರೋಗಿಗಳನ್ನೇ ಸ್ಕ್ಯಾನ್‌ನಲ್ಲಿ ಗುರುತಿಸಿ, ಬೇಗ ಮಾಡಿ, ಮತ್ತೆ ಪರೀಕ್ಷೆ ಮಾಡಿದರು. ನೆದರ್ಲೆಂಡ್ಸ್‌ನಲ್ಲಿ 500 ರೋಗಿಗಳ ಮೇಲೆ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು: ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದವರು ನೂರಕ್ಕೆ 33, ಈ ಚಿಕಿತ್ಸೆ ಇಲ್ಲದವರಲ್ಲಿ 19. ಅದೇ ವರ್ಷ ಇನ್ನೂ ನಾಲ್ಕು ಪ್ರಯೋಗ ಅದನ್ನೇ ಹೇಳಿದವು. 2018ರ ಹೊತ್ತಿಗೆ, ಆಯ್ದ ಕೆಲವು ರೋಗಿಗಳಿಗೆ 24 ಗಂಟೆಯವರೆಗೂ ಪ್ರಯೋಜನ ಇದೆ ಅಂತ ತಿಳಿಯಿತು. ಹಾಗಂತ ಆರಾಮಾಗಿ ಹೋಗೋ ಹಾಗಿಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನೋದು 2006ರ ಒಂದು ಲೆಕ್ಕ. ಕೆಂಗೇರಿ ಕಡೆಯಿಂದ ನಾಯಂಡಹಳ್ಳಿ ಜಂಕ್ಷನ್ ದಾಟೋಕೆ ಬೆಳಗ್ಗೆ ಒಂಬತ್ತಕ್ಕೆ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಕಾಡೋದು ಆ ಒಪ್ಪಿಗೆ ಪತ್ರವೇ. ಚಿಕಿತ್ಸೆ ಪರೀಕ್ಷೆಗೆ ಒಳಗಾಗಿದೆ, ಲೆಕ್ಕ ಎಲ್ಲರೆದುರು ಇದೆ, ಮೊನಿಝ್ ಕಾಲದ ಕತ್ತಲೆ ಇಲ್ಲ. ಒಪ್ಪಿಗೆ ಕೇಳೋದು ಈಗ ಕಾನೂನು. ಆದರೂ ಕೇಳಿದ ಭಾಷೆ ಚಿಕ್ಕಮ್ಮನದ್ದಲ್ಲ. ನಿಮಿಷ ಎಣಿಸುವ ಹೊತ್ತಲ್ಲಿ ನಾಲ್ಕು ಪುಟ ಓದಿ ಹೇಳೋಕೆ ಯಾರಿಗೂ ಆಗಲ್ಲ, ಒಪ್ಪುತ್ತೀನಿ. ಹಾಗಿದ್ದರೆ ಅರ್ಧ ಪುಟದ ಕನ್ನಡದಲ್ಲಿ, ಏನು ಮಾಡ್ತೀವಿ, ಏನು ಆಗಬಹುದು, ಎಷ್ಟು ಖರ್ಚು ಅಂತ ಮೊದಲೇ ಅಚ್ಚು ಹಾಕಿಸಿಡೋಕೆ ಏನು ಅಡ್ಡಿ? ಭಾಷೆಯ ವಿಷಯಕ್ಕೆ ಬೀದಿಗಿಳಿಯೋ ನಾವು ಬೋರ್ಡುಗಳಿಗೆ ಮಸಿ ಬಳಿದು ಮನೆಗೆ ಹೋಗ್ತೀವಿ. ಬೋರ್ಡಿನಿಂದ ಒಳಗೆ ಹೋದ ಮೇಲಿನ ಕನ್ನಡದ ಬಗ್ಗೆ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ನಾನು ಓದಿಲ್ಲ.

ಚಿಕ್ಕಪ್ಪ ಮನೆಗೆ ಬಂದ ಮೇಲೆ ಮಗಳು ಆ ಪತ್ರದ ನಕಲನ್ನು ಕೂತು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದಳು. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡು, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಎರಡು ಪ್ರಶ್ನೆ ಕೇಳಿದರು. ಒಂದಕ್ಕೆ ಡಾಕ್ಟರು ಪೆನ್ನು ಹಿಡಿದು, ಚಿತ್ರ ಬರೆದು, ಹತ್ತು ನಿಮಿಷ ಕೂತು ಉತ್ತರ ಹೇಳಿದರು. ಇನ್ನೊಂದು ದುಡ್ಡಿನದು. ಅದನ್ನು ಕೆಳಗೆ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿ ಅಂದರು.